ತಪ್ಪು ನಡೆದ ಸ್ಥಳ ಯಾವುದು?

ಕೆಲವು ವರ್ಷಗಳ ಹಿಂದಿನ ಮಾತು. ಆಂತರಿಕ ಪರೀಕ್ಷೆಯ ಅಂಕಪಟ್ಟಿಯನ್ನು ಸೂಚನಾಫಲಕದ ಮೇಲೆ ಅಂಟಿಸಿದ ಮರುದಿನ ವಿದ್ಯಾರ್ಥಿನಿಯೊಬ್ಬಳು ತನ್ನ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. "ಸಾರ್, ಪತ್ರಿಕೆಯ ಮೇಲೆ 20ಕ್ಕೆ 20 ಎಂದು ನೀವೇ ಬರೆದಿದ್ದೀರಿ. ಫಲಕದಲ್ಲಿ ಮಾತ್ರ 9 ಎಂದಿದೆ" ಎಂದಳು. ಪತ್ರಿಕೆಯನ್ನು ನೋಡಿದೆವು; ಅಕ್ಷರ ನಮ್ಮದೇ, 20 ಅಂಕ ನಿಜ. ಪಟ್ಟಿಯನ್ನು ನೋಡಿದೆವು; ಅಲ್ಲಿ 9 ಎಂದಿರುವುದೂ ನಿಜ. ಇವೆರಡರ ನಡುವೆ ಇದ್ದುದು ಒಂದು ಗಣಕಯಂತ್ರ, ಅದರೊಳಗೆ ಒಂದು ಎಕ್ಸೆಲ್ ಹಾಳೆ, ಆ ಹಾಳೆಯೊಡನೆ ಸೇರಿಕೊಂಡಿದ್ದ ಸುಮಾರು 300 ಪಂಕ್ತಿಗಳ ಒಂದು ಮ್ಯಾಕ್ರೊ. ಕೆಲಸದ ಮಧ್ಯೆ ಯಂತ್ರವು ಎಲ್ಲಿಯೂ ನಿಂತಿರಲಿಲ್ಲ. ತಪ್ಪಾಯಿತೆಂದು ಒಂದು ಮಾತನ್ನೂ ಹೇಳಿರಲಿಲ್ಲ. ಹಾಗಾದರೆ ತಪ್ಪು ನಡೆದುದು ಎಲ್ಲಿ?

ತಪ್ಪು ನಡೆದಿದೆಯೆಂದು ತಿಳಿಯುವುದು ಒಂದು ಜ್ಞಾನ. ಅದು ಎಲ್ಲಿ ನಡೆಯಿತೆಂದು ತಿಳಿಯುವುದು ಮತ್ತೊಂದು. ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ಕ್ರಮವೊಂದು ಬೇಕು. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಾಳೆಯೂ ಮ್ಯಾಕ್ರೊವೂ

ಅಡ್ಡಸಾಲು ಕಂಬಸಾಲುಗಳಿಂದ ಕೂಡಿ, ಪ್ರತಿಯೊಂದು ಮನೆಯಲ್ಲಿಯೂ ಒಂದು ಸಂಖ್ಯೆಯನ್ನೋ ಸೂತ್ರವನ್ನೋ ಇಟ್ಟುಕೊಳ್ಳಬಲ್ಲ ಗಣಕದ ಹಾಳೆಯನ್ನು ಸ್ಪ್ರೆಡ್‌ಶೀಟ್ ಎಂದು ಕರೆಯುತ್ತೇವೆ. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಆಪಲ್ 2 ಗಣಕಕ್ಕಾಗಿ ರಚಿಸಿದ ವಿಸಿಕ್ಯಾಲ್ಕ್ ಈ ಬಗೆಯ ಹಾಳೆಯನ್ನು ಜನಸಾಮಾನ್ಯರ ಮೇಜಿಗೆ ತಂದಿತು. 1983ರಲ್ಲಿ ಲೋಟಸ್ 1-2-3 ಬಂದಿತು; 1985ರಲ್ಲಿ ಎಕ್ಸೆಲ್ ಬಂದಿತು. ಒಂದೇ ಕೆಲಸವನ್ನು ನೂರು ಸಾರಿ ಮಾಡಬೇಕಾದಾಗ ಕೈಗೆ ಬೇಸರವಾಗುವುದು ಸಹಜವಷ್ಟೆ. ಆ ಕೆಲಸವನ್ನು ಆಜ್ಞೆಗಳ ಸರಣಿಯಾಗಿ ಬರೆದಿಟ್ಟು, ಒಂದು ಗುಂಡಿಯನ್ನು ಒತ್ತಿದೊಡನೆ ಯಂತ್ರವೇ ಅದನ್ನು ನೆರವೇರಿಸುವಂತೆ ಮಾಡಿದ ಏರ್ಪಾಟೇ ಮ್ಯಾಕ್ರೊ. 1993ರಿಂದ ಈಚೆಗೆ ಎಕ್ಸೆಲ್‌ನಲ್ಲಿ ಇಂತಹ ಆಜ್ಞೆಗಳನ್ನು ವಿಶುವಲ್ ಬೇಸಿಕ್ ಎಂಬ ಭಾಷೆಯಲ್ಲಿ ಬರೆಯುವ ವ್ಯವಸ್ಥೆಯಿದೆ. ಕಚೇರಿ, ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ಗಣಕವಿಜ್ಞಾನವನ್ನು ಎಂದೂ ಓದದವರೂ ಈ ಭಾಷೆಯಲ್ಲಿ ನಾಲ್ಕು ಪಂಕ್ತಿ ಬರೆಯಬಲ್ಲರು. ಅದೇ ಇದರ ಸೊಗಸು. ಅದೇ ಇದರ ಅಪಾಯ.

ಹಳೆಯ ಬೇಟೆ

ಗಣಕದಲ್ಲಿ ತಪ್ಪನ್ನು ಹುಡುಕುವ ಕೆಲಸವು ಗಣಕದಷ್ಟೇ ಹಳೆಯದು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ನಿರ್ಮಿಸಿದ ಮಾರ್ಕ್ 2 ಎಂಬ ಗಣಕವು ಕೆಟ್ಟು ನಿಂತಿತು. ಕೆಲಸಗಾರರು ಹುಡುಕುತ್ತ ಹೋಗಿ, ಎಫ್ ಫಲಕದ 70ನೆಯ ರಿಲೇಯಲ್ಲಿ ಒಂದು ಪತಂಗವು ಸಿಕ್ಕಿಕೊಂಡಿದ್ದುದನ್ನು ಕಂಡರು. ಆ ಪತಂಗವನ್ನು ದಿನಚರಿಯ ಪುಸ್ತಕದಲ್ಲಿಯೇ ಅಂಟಿಸಿ, ಪಕ್ಕದಲ್ಲಿ ವಿಷಯವನ್ನು ಬರೆದಿಟ್ಟರು. ಗ್ರೇಸ್ ಹಾಪರ್ ಎಂಬ ಪ್ರಸಿದ್ಧ ಗಣಕವಿಜ್ಞಾನಿ ಈ ಕಥೆಯನ್ನು ಲೋಕಕ್ಕೆಲ್ಲ ಹರಡಿದರು. ಯಂತ್ರದ ದೋಷವನ್ನು ಬಗ್, ಅಂದರೆ ಹುಳು, ಎನ್ನುವ ವಾಡಿಕೆ ಇದಕ್ಕಿಂತ ಹಳೆಯದು. ಎಡಿಸನ್‌ನ 1878ರ ಪತ್ರವೊಂದರಲ್ಲಿಯೇ ಆ ಮಾತಿದೆ. ಆದರೆ ನಾವು ಗಮನಿಸಬೇಕಾದುದು ಪತಂಗವನ್ನಲ್ಲ, ಆ ದಿನಚರಿಯ ಬರಹವನ್ನು. ಅದರಲ್ಲಿ ದಿನವಿದೆ, ವೇಳೆಯಿದೆ, ಫಲಕದ ಹೆಸರಿದೆ, ರಿಲೇಯ ಸಂಖ್ಯೆಯಿದೆ. ದೋಷದ ವಿಳಾಸವೇ ಅಲ್ಲಿ ಪೂರ್ಣವಾಗಿ ದೊರೆಯುತ್ತದೆ.

1949ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಎಂಬ ಗಣಕವು ಕೆಲಸವನ್ನು ಆರಂಭಿಸಿತು. ಅದರ ನಿರ್ಮಾಪಕ ಮೌರಿಸ್ ವಿಲ್ಕ್ಸ್, ತನ್ನ ಉಳಿದ ಬಾಳಿನ ಬಹುಭಾಗವು ತಾನೇ ಬರೆದ ಕ್ರಮವಿಧಿಗಳ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆಯುವುದೆಂಬ ಅರಿವು ಆ ದಿನಗಳಲ್ಲಿ ತನಗೆ ಹಠಾತ್ತಾಗಿ ಮೂಡಿತೆಂದು ಮುಂದೆ ನೆನೆಸಿಕೊಂಡಿದ್ದಾನೆ. ಅವನ ಸಹೋದ್ಯೋಗಿ ಸ್ಟ್ಯಾನ್ಲಿ ಗಿಲ್ ಎಂಬುವನು 1951ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದೇ ವಿಷಯವನ್ನು ಕುರಿತು ಲೇಖನವನ್ನು ಪ್ರಕಟಿಸಿದನು. ಯಂತ್ರವು ಆಜ್ಞೆಗಳನ್ನು ನೆರವೇರಿಸುತ್ತ ಹೋದಂತೆ ತನ್ನ ಹೆಜ್ಜೆಗುರುತನ್ನು ತಾನೇ ಮುದ್ರಿಸುತ್ತ ಹೋಗುವಂತೆ ಮಾಡುವ ಉಪಾಯ ಅದರಲ್ಲಿದೆ. ಇಂದಿನ ಉಪಾಯಗಳೆಲ್ಲವೂ ಆ ಹೆಜ್ಜೆಗುರುತಿನ ಮಕ್ಕಳೇ ಎನ್ನಬಹುದು.

ಮೂರು ಬಗೆಯ ದೋಷಗಳು

ಮ್ಯಾಕ್ರೊವಿನಲ್ಲಿ ಕಾಣುವ ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ವ್ಯಾಕರಣದ ದೋಷ. ಆವರಣಚಿಹ್ನೆಯನ್ನು ತೆರೆದು ಮುಚ್ಚದೆ ಬಿಟ್ಟರೆ, ಯಂತ್ರವು ಕೆಲಸವನ್ನು ಆರಂಭಿಸುವುದಕ್ಕೆ ಮೊದಲೇ ಆ ಪಂಕ್ತಿಯನ್ನು ತೋರಿಸಿಬಿಡುತ್ತದೆ. ಇದರಿಂದ ಹಾನಿಯಿಲ್ಲ.

ಎರಡನೆಯದು ಕಾರ್ಯಕಾಲದ ದೋಷ. ಆಜ್ಞೆಯ ವ್ಯಾಕರಣವು ಶುದ್ಧವಾಗಿಯೇ ಇರುತ್ತದೆ. ಆದರೆ ಅದನ್ನು ನೆರವೇರಿಸುವ ಕ್ಷಣದಲ್ಲಿ ಅಸಾಧ್ಯವಾದ ಸ್ಥಿತಿಯೊಂದು ಒದಗುತ್ತದೆ. ಒಂದು ಸಂಖ್ಯೆಯನ್ನು ಮತ್ತೊಂದರಿಂದ ಭಾಗಿಸೆಂದು ಬರೆದಿದ್ದೇವೆ ಎನ್ನೋಣ. ಆ ಮತ್ತೊಂದು ಅಂದಿನ ದಿನ ಸೊನ್ನೆಯಾಗಿಬಿಟ್ಟರೆ ಯಂತ್ರವು ಏನು ಮಾಡೀತು? ಇದನ್ನೇ ಯಂತ್ರವು ರನ್‌ಟೈಮ್ ಎರರ್ ಎಂದು ಪರದೆಯ ಮೇಲೆ ಬರೆಯುತ್ತದೆ.

ಮೂರನೆಯದು ತರ್ಕದ ದೋಷ. ಇಲ್ಲಿ ಯಂತ್ರವು ನಿಲ್ಲುವುದೂ ಇಲ್ಲ, ದೂರುವುದೂ ಇಲ್ಲ; ನಾವು ಹೇಳಿದ ತಪ್ಪನ್ನೇ ನಿಷ್ಠೆಯಿಂದ ಮಾಡಿ ಮುಗಿಸುತ್ತದೆ. 2010ರಲ್ಲಿ ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ದೇಶಗಳ ಸಾಲಕ್ಕೂ ಬೆಳವಣಿಗೆಗೂ ಇರುವ ಸಂಬಂಧವನ್ನು ಕುರಿತು ಬರೆದ ಹೆಸರುವಾಸಿಯಾದ ಲೇಖನದ ಹಿಂದೆ ಒಂದು ಎಕ್ಸೆಲ್ ಹಾಳೆಯಿತ್ತು. 30ರಿಂದ 49ರವರೆಗಿನ ಅಡ್ಡಸಾಲುಗಳ ಸರಾಸರಿಯನ್ನು ತೆಗೆಯಬೇಕಾದ ಕಡೆ 30ರಿಂದ 44ರವರೆಗೆ ಮಾತ್ರ ತೆಗೆದುದರಿಂದ ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಎಂಬ ಐದು ದೇಶಗಳು ಲೆಕ್ಕದಿಂದ ಬಿಟ್ಟುಹೋಗಿದ್ದುವು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತನ್ನ ಅಧ್ಯಾಪಕರೊಡನೆ ಸೇರಿ ಇದನ್ನೂ ಆ ಲೇಖನದ ಇತರ ಕುಂದುಗಳನ್ನೂ ಬಯಲಿಗೆ ತಂದನು. ಮೂರು ವರ್ಷಗಳ ಕಾಲ ಆ ಹಾಳೆಯು ಒಂದು ಸಾರಿಯೂ ಗೊಣಗಿರಲಿಲ್ಲ.

ಇವುಗಳಲ್ಲಿ ಎರಡನೆಯ ಬಗೆಯೇ ನಮ್ಮ ಇಂದಿನ ವಿಷಯ. ಅದು ದೂರು ಹೇಳುವ ದೋಷ. ಆದುದರಿಂದ ಉಪಕಾರಿಯಾದ ದೋಷ.

ಹಳದಿಯ ಪಂಕ್ತಿ

ಕಾರ್ಯಕಾಲದ ದೋಷವು ಒದಗಿದಾಗ ಪರದೆಯ ಮೇಲೆ ಒಂದು ಚಿಕ್ಕ ಚೌಕವು ಮೂಡುತ್ತದೆ. ಅದರಲ್ಲಿ ಒಂದು ಸಂಖ್ಯೆ, ಒಂದು ವಾಕ್ಯ, ಕೆಳಗೆ ಕೆಲವು ಗುಂಡಿಗಳು. ಬಹುಮಂದಿ ಗಾಬರಿಯಿಂದ ಎಂಡ್ ಎಂಬ ಗುಂಡಿಯನ್ನು ಒತ್ತಿ ಚೌಕವನ್ನು ಮುಚ್ಚಿಬಿಡುತ್ತಾರೆ. ಇದು ಸಾಕ್ಷಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ ಹಾಗೆ. ಡಿಬಗ್ ಎಂಬ ಗುಂಡಿಯನ್ನು ಒತ್ತಿದರೆ, ಯಂತ್ರವು ಎಡವಿದ ಪಂಕ್ತಿಯು ಹಳದಿಯ ಬಣ್ಣದಲ್ಲಿ ಎದುರಿಗೆ ನಿಲ್ಲುತ್ತದೆ.

ಸಂಖ್ಯೆಗೂ ಅರ್ಥವುಂಟು. 6 ಎಂದರೆ ಪಾತ್ರೆಯ ಅಳತೆಯನ್ನು ಮೀರಿದ ಸಂಖ್ಯೆ. 9 ಎಂದರೆ ಪಟ್ಟಿಯಲ್ಲಿ ಇಲ್ಲದ ಅಂಶವನ್ನು ಅಥವಾ ಇಲ್ಲದ ಹಾಳೆಯನ್ನು ಕರೆದದ್ದು. 11 ಎಂದರೆ ಸೊನ್ನೆಯಿಂದ ಭಾಗಾಕಾರ. 13 ಎಂದರೆ ಸಂಖ್ಯೆ ಇರಬೇಕಾದ ಕಡೆ ಅಕ್ಷರವಿದ್ದಂತಹ ಜಾತಿಭೇದ. 91 ಎಂದರೆ ಯಾವ ವಸ್ತುವಿಗೂ ಕಟ್ಟದ ಹೆಸರನ್ನು ವಸ್ತುವೆಂದು ಬಳಸಿದುದು. 1004 ಎಂಬುದು ಮಾತ್ರ ಎಕ್ಸೆಲ್‌ನ ಹತ್ತಾರು ಬಗೆಯ ಅಸಮಾಧಾನಗಳಿಗೆ ಇಟ್ಟ ಒಂದೇ ಹೆಸರು.

ಹಳದಿಯ ಪಂಕ್ತಿಯನ್ನು ಕಂಡೊಡನೆ ಅಲ್ಲಿಯೇ ತಿದ್ದಲು ಕೈ ಹಾಕುವುದು ಸಹಜ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಸರಾಸರಿಯನ್ನು ತೆಗೆಯುವ ಪಂಕ್ತಿಯಲ್ಲಿ 11ನೆಯ ದೋಷ ಬಂದಿದೆಯೆಂದಿಟ್ಟುಕೊಳ್ಳೋಣ. ಆ ಪಂಕ್ತಿಯು ಮಾಡಿದ ಅಪರಾಧವೇನು? ಎಣಿಕೆಯು ಸೊನ್ನೆಯಾಗಿ ಬಂದಿತು. ಅದು ಸೊನ್ನೆಯಾದುದು 40 ಪಂಕ್ತಿಗಳ ಹಿಂದೆ, ಖಾಲಿ ಹಾಳೆಯನ್ನು ತೆರೆದಾಗ. ದೋಷವು ಬೆಳಕಿಗೆ ಬಂದ ಸ್ಥಳ ಬೇರೆ, ದೋಷವು ಹುಟ್ಟಿದ ಸ್ಥಳ ಬೇರೆ. ಹಳದಿಯ ಪಂಕ್ತಿಯು ಮೊದಲನೆಯದನ್ನು ತೋರಿಸುತ್ತದೆ. ಎರಡನೆಯದನ್ನು ನಾವೇ ಹಿಂದಕ್ಕೆ ನಡೆದು ಕಾಣಬೇಕು.

ಒಂದೇ ಪಂಕ್ತಿಯೊಳಗೆ

ಕೆಲವೊಮ್ಮೆ ಪಂಕ್ತಿ ತಿಳಿದರೂ ಅದರ ಯಾವ ಭಾಗದಲ್ಲಿ ತಪ್ಪಿದೆಯೆಂಬುದು ತಿಳಿಯದು. ಒಂದು ಉದಾಹರಣೆ. ಮ್ಯಾಕ್ರೊವಿನಲ್ಲಿ ಲಾಂಗ್ ಎಂಬ ದೊಡ್ಡ ಪಾತ್ರೆಯನ್ನು ಸಿದ್ಧಪಡಿಸಿಕೊಂಡು, ಅದರಲ್ಲಿ 300 ಮತ್ತು 200ರ ಗುಣಲಬ್ಧವನ್ನು ಇಡು ಎಂದು ಹೇಳಿ ನೋಡಿ. ಉತ್ತರ 60,000. ಲಾಂಗ್ ಪಾತ್ರೆಯಲ್ಲಿ 200 ಕೋಟಿಗೂ ಮೀರಿದ ಸಂಖ್ಯೆ ಹಿಡಿಸುತ್ತದೆ. ಆದರೂ ಯಂತ್ರವು 6ನೆಯ ದೋಷವೆಂದು ನಿಂತುಬಿಡುತ್ತದೆ! ಇದರ ಮರ್ಮವೇನು? 300, 200 ಎರಡೂ ಚಿಕ್ಕ ಸಂಖ್ಯೆಗಳಾದುದರಿಂದ ಯಂತ್ರವು ಅವನ್ನು ಇಂಟಿಜರ್ ಎಂಬ 16 ಬಿಟ್‌ಗಳ ಜಾತಿಗೆ ಸೇರಿಸುತ್ತದೆ. ಅವುಗಳ ಗುಣಾಕಾರವನ್ನೂ ಅದೇ ಜಾತಿಯಲ್ಲಿ ನಡೆಸುತ್ತದೆ. ಆ ಜಾತಿಯ ಮೇಲಿನ ಎಲ್ಲೆ 32,767. ದೊಡ್ಡ ಪಾತ್ರೆಯನ್ನು ತಲಪುವುದಕ್ಕೆ ಮೊದಲೇ ಹಾಲು ಉಕ್ಕಿಹೋಯಿತು. ಇಂತಹ ಪಂಕ್ತಿಯನ್ನು ಎರಡು ಮೂರು ತುಂಡು ಮಾಡಿ, ಒಂದೊಂದನ್ನೂ ಪ್ರತ್ಯೇಕವಾಗಿ ನಡೆಸಿದರೆ ತಪ್ಪಿನ ತುಂಡು ತಾನಾಗಿ ಕೈಗೆ ಸಿಕ್ಕುತ್ತದೆ.

ಈ 32,767 ಎಂಬ ಎಲ್ಲೆಯು ವಿನೋದದ ವಿಷಯವಲ್ಲ. 1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಕೂರೂ ನೆಲೆಯಿಂದ ಏರಿದ ಆರಿಯಾನ್ 5 ರಾಕೆಟ್ಟು ತನ್ನ ಮೊದಲನೆಯ ಹಾರಾಟದಲ್ಲಿಯೇ ಸುಮಾರು 40 ಸೆಕೆಂಡುಗಳಲ್ಲಿ ಒಡೆದು ಚೂರಾಯಿತು. ಕಣ್ಣಿಗೆ ಕಂಡದ್ದು ರಾಕೆಟ್ಟಿನ ನಳಿಕೆಗಳು ಥಟ್ಟನೆ ಒಂದು ಕಡೆಗೆ ವಾಲಿದುದು. ಆದರೆ ದೋಷವು ನಳಿಕೆಗಳಲ್ಲಿರಲಿಲ್ಲ. ವಿಚಾರಣಾ ಸಮಿತಿಯು ಹಿಂದಕ್ಕೆ ನಡೆದು ಹೋಗಿ, ದಿಕ್ಕನ್ನು ಅಳೆಯುವ ಉಪಕರಣದ ಕ್ರಮವಿಧಿಯೊಳಗೆ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಮಾರ್ಪಡಿಸುವ ಕಡೆ ಉಕ್ಕು ಸಂಭವಿಸಿದುದನ್ನು ಕಂಡಿತು. ಆ ಉಪಕರಣವು ದೋಷಸೂಚನೆಯನ್ನು ಕಳುಹಿಸಿಯೂ ಇತ್ತು. ಮುಖ್ಯ ಗಣಕವು ಆ ಸೂಚನೆಯನ್ನು ಹಾರಾಟದ ಅಳತೆಯೆಂದೇ ತಿಳಿದು, ಅದರಂತೆ ನಳಿಕೆಗಳನ್ನು ತಿರುಗಿಸಿತು! ದೋಷದ ಕೂಗನ್ನು ಕೂಗೆಂದು ತಿಳಿಯದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತೋಳವೂ ಬೇಲಿಯೂ

ನೆಲದಡಿಯಲ್ಲಿ ಹೂತಿರುವ ತಂತಿಯು ಎಲ್ಲಿಯೋ ನೆಲಕ್ಕೆ ತಗುಲಿದರೆ ಇಡೀ ದಾರಿಯನ್ನು ಅಗೆಯುವುದಿಲ್ಲವಷ್ಟೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲ ವೀಟ್‌ಸ್ಟನ್ ಸೇತುವೆಯನ್ನೇ ಬಳಸಿ, ಕೆಟ್ಟ ತಂತಿಯ ದೂರದ ತುದಿಗೆ ಒಳ್ಳೆಯ ತಂತಿಯೊಂದನ್ನು ಜೋಡಿಸಿ, ಒಂದು ತುದಿಯಲ್ಲಿ ಕುಳಿತೇ ರೋಧಗಳ ಪ್ರಮಾಣದಿಂದ ದೋಷದ ದೂರವನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಮರ್ರೆಯ ಕುಣಿಕೆಯ ವಿಧಾನವೆಂದು ಹೆಸರು. ಅಳತೆಯು ಅಗೆತವನ್ನು ಉಳಿಸುತ್ತದೆ.

ಮ್ಯಾಕ್ರೊವಿನಲ್ಲಿಯೂ ಹೀಗೆಯೇ. 1982ರಲ್ಲಿ ಎಡ್ವರ್ಡ್ ಗಾಸ್ ಎಂಬುವನು ಒಂದು ಚಮತ್ಕಾರದ ಉಪಾಯವನ್ನು ಸೂಚಿಸಿದನು. ಅಲಾಸ್ಕದಲ್ಲಿ ಎಲ್ಲಿಯೋ ಒಂದು ತೋಳವಿದೆ. ನಾಡಿನ ನಡುವೆ ಒಂದು ಬೇಲಿಯನ್ನು ಹಾಕಿ, ತೋಳದ ಊಳು ಯಾವ ಕಡೆಯಿಂದ ಕೇಳುವುದೆಂದು ನೋಡಬೇಕು. ಆ ಅರ್ಧದ ನಡುವೆ ಮತ್ತೊಂದು ಬೇಲಿ. ಅದರ ಅರ್ಧದಲ್ಲಿ ಇನ್ನೊಂದು. 1,000 ಪಂಕ್ತಿಗಳ ಮ್ಯಾಕ್ರೊವಿನಲ್ಲಿ ಹೀಗೆ 10 ಬೇಲಿಗಳು ಸಾಕು. ಏಕೆಂದರೆ 2ನ್ನು 10 ಸಾರಿ ಗುಣಿಸಿದರೆ 1,024 ಆಗುತ್ತದೆ. ಇಲ್ಲಿ ಬೇಲಿಯೆಂದರೆ ಎಫ್ 9 ಕೀಲಿಯಿಂದ ಹಾಕುವ ತಡೆಬಿಂದು. ಯಂತ್ರವು ಅಲ್ಲಿಗೆ ಬಂದು ನಿಲ್ಲುತ್ತದೆ. ಆಗ ಚರಗಳ ಬೆಲೆಗಳನ್ನು ನೋಡಬಹುದು. ಬೆಲೆಗಳೆಲ್ಲ ಸರಿಯಾಗಿದ್ದರೆ ತೋಳವು ಮುಂದಿದೆ, ಕೆಟ್ಟಿದ್ದರೆ ಹಿಂದಿದೆ. ಕೊನೆಯ ಕೆಲವು ಪಂಕ್ತಿಗಳಲ್ಲಿ ಎಫ್ 8 ಕೀಲಿಯನ್ನು ಒತ್ತುತ್ತ ಒಂದೊಂದೇ ಹೆಜ್ಜೆಯಾಗಿ ನಡೆಯಬಹುದು.

ಪಂಕ್ತಿಗೆ ಸಂಖ್ಯೆ

1964ರಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬ ಅಧ್ಯಾಪಕರು ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಬೇಸಿಕ್ ಭಾಷೆಯನ್ನು ರಚಿಸಿದಾಗ ಪ್ರತಿಯೊಂದು ಪಂಕ್ತಿಗೂ 10, 20, 30 ಎಂದು ಸಂಖ್ಯೆಯಿತ್ತು. ಆ ಭಾಷೆಯ ವಂಶದ್ದಾದ ಇಂದಿನ ಮ್ಯಾಕ್ರೊವಿನಲ್ಲಿ ಪಂಕ್ತಿಸಂಖ್ಯೆ ಕಡ್ಡಾಯವಲ್ಲ. ಆದರೆ ನಿಷಿದ್ಧವೂ ಅಲ್ಲ. ಸಂಖ್ಯೆಗಳನ್ನು ಹಾಕಿದ್ದರೆ ಎರ್ಲ್ ಎಂಬ ಪುಟ್ಟ ಮಾತು, ದೋಷಕ್ಕೆ ಮುನ್ನ ದಾಟಿದ ಕೊನೆಯ ಪಂಕ್ತಿಯ ಸಂಖ್ಯೆಯನ್ನು ತಿಳಿಸುತ್ತದೆ. ಹಾಕದಿದ್ದರೆ ಸೊನ್ನೆಯನ್ನು ತಿಳಿಸುತ್ತದೆ. ನಮ್ಮ ಕೈಯಳವಿನಲ್ಲಿಲ್ಲದ ದೂರದ ಗಣಕದಲ್ಲಿ ಮ್ಯಾಕ್ರೊ ನಡೆಯುವಾಗ ಹಳದಿಯ ಪಂಕ್ತಿಯನ್ನು ನಾವು ನೋಡಲಾರೆವು. ಆಗ ದೋಷದ ಸಂಖ್ಯೆ, ಎರ್ಲ್ ಹೇಳಿದ ಪಂಕ್ತಿ, ಆಗ ಓದುತ್ತಿದ್ದ ಅಡ್ಡಸಾಲು ಇಷ್ಟನ್ನೂ ಒಂದು ಕಡತದಲ್ಲಿ ಬರೆದಿಡುವಂತೆ ಏರ್ಪಡಿಸಿದರೆ, ಮಾರ್ಕ್ 2ರ ದಿನಚರಿಯಂತೆ ವಿಳಾಸವು ಪೂರ್ಣವಾಗಿರುತ್ತದೆ.

ಮತ್ತೊಂದು ತೊಡಕುಂಟು. ಒಂದು ವಿಧಿಯು ಎರಡನೆಯದನ್ನೂ ಎರಡನೆಯದು ಮೂರನೆಯದನ್ನೂ ಕರೆಯುವುದುಂಟು. ಮೂರನೆಯದರಲ್ಲಿ ದೋಷವನ್ನು ಹಿಡಿಯುವ ವ್ಯವಸ್ಥೆಯಿಲ್ಲದಿದ್ದರೆ ಆ ದೂರು ಕರೆದವನ ಬಳಿಗೆ, ಅಲ್ಲಿಂದ ಅವನನ್ನು ಕರೆದವನ ಬಳಿಗೆ ಏರುತ್ತ ಹೋಗುತ್ತದೆ. ಮೇಲೆ ಹಿಡಿದವನಿಗೆ ದೂರು ಕೇಳಿಸಿತೇ ಹೊರತು ದೂರಿನ ಊರು ತಿಳಿಯಲಿಲ್ಲ. ಆದುದರಿಂದ ಪ್ರತಿಯೊಂದು ವಿಧಿಯೂ ದೂರಿನ ಜೊತೆಗೆ ತನ್ನ ಹೆಸರನ್ನು ಸೇರಿಸಿಯೇ ಮೇಲಕ್ಕೆ ಕಳುಹಿಸುವಂತೆ ಬರೆಯುವುದು ಒಳ್ಳೆಯ ಅಭ್ಯಾಸ.

ಮೌನದ ಅಪಾಯ

ಈಗ ನಮ್ಮ ವಿದ್ಯಾರ್ಥಿನಿಯ ಅಂಕಕ್ಕೆ ಹಿಂದಿರುಗೋಣ. ಮ್ಯಾಕ್ರೊವನ್ನು ತೆರೆದಾಗ ಮೊದಲನೆಯ ಪುಟದಲ್ಲಿಯೇ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಎಂಬ ಆಜ್ಞೆಯು ಕಂಡಿತು. ದೋಷ ಬಂದರೆ ಅದನ್ನು ಲೆಕ್ಕಿಸದೆ ಮುಂದಿನ ಪಂಕ್ತಿಗೆ ಹೋಗೆಂಬುದು ಅದರ ಅರ್ಥ. ಹಿಂದೆ ಯಾರೋ ದೋಷದ ಚೌಕಗಳ ಕಾಟವನ್ನು ತಾಳಲಾರದೆ ಅದನ್ನು ಸೇರಿಸಿದ್ದರು. ಯಂತ್ರದ ಬಾಯಿಗೆ ಬಟ್ಟೆ ಕಟ್ಟಿದ್ದರು ಎಂದರೂ ಸರಿಯೇ.

ಎಕ್ಸೆಲ್‌ನ ಆಯ್ಕೆಗಳಲ್ಲಿ ಬ್ರೇಕ್ ಆನ್ ಆಲ್ ಎರರ್ಸ್ ಎಂಬುದೊಂದುಂಟು. ಅದನ್ನು ಆರಿಸಿದರೆ, ಮ್ಯಾಕ್ರೊವಿನಲ್ಲಿ ಏನೇ ಬರೆದಿರಲಿ, ಯಂತ್ರವು ಪ್ರತಿಯೊಂದು ದೋಷದ ಬಳಿಯೂ ನಿಲ್ಲುತ್ತದೆ. ನಾವು ಅದನ್ನು ಆರಿಸಿ ಮ್ಯಾಕ್ರೊವನ್ನು ಮತ್ತೆ ನಡೆಸಿದೆವು. ಕೂಡಲೆ ನಿಂತಿತು: 13ನೆಯ ದೋಷ. ಹಳದಿಯ ಪಂಕ್ತಿಯು ಮನೆಯಲ್ಲಿದ್ದುದನ್ನು ಸಂಖ್ಯೆಯಾಗಿಸಿ ಅಂಕ ಎಂಬ ಚರದಲ್ಲಿ ಇಡುವ ಪಂಕ್ತಿ. ಕೆಳಗಿನ ಇಮೀಡಿಯೆಟ್ ಕಿಟಕಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಅಡ್ಡಸಾಲಿನ ಸಂಖ್ಯೆಯನ್ನು ಕೇಳಿದೆವು. ಆ ಮನೆಯಲ್ಲಿದ್ದುದು ಸಂಖ್ಯೆಯಲ್ಲ, ಗೈರುಹಾಜರಿಯ ಗುರುತು. ಮುಂದುವರಿಸಿದೆವು, ಇನ್ನೊಂದು ಗೈರುಹಾಜರಿ. ಮತ್ತೆ ಮುಂದುವರಿಸಿದೆವು, ಮೂರನೆಯ ಸಾರಿ ಯಂತ್ರವು ನಿಂತುದು ಆ ಹುಡುಗಿಯ ಸಾಲಿನಲ್ಲಿ. ಮನೆಯಲ್ಲಿ 20 ಎಂದೇ ಕಾಣುತ್ತಿತ್ತು! ಆದರೆ ಅದು 20 ಅಲ್ಲ. 2ರ ಮುಂದೆ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರವನ್ನು ಒತ್ತಲಾಗಿತ್ತು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಒಂದು ಸಂಖ್ಯೆ, ಇನ್ನೊಂದು ಬರಹ.

ಮುಂದಿನದು ಸುಲಭ. ಸಂಖ್ಯೆಯಾಗಿಸುವ ಆಜ್ಞೆಯು ಸೋತಾಗ ಅಂಕ ಎಂಬ ಚರದಲ್ಲಿ ಹೊಸ ಬೆಲೆಯು ಸೇರಲಿಲ್ಲ, ಹಳೆಯದೇ ಉಳಿಯಿತು. ಹಳೆಯದೆಂದರೆ ಮೇಲಿನ ಸಾಲಿನವನ ಅಂಕ, 9. ಅದನ್ನೇ ಯಂತ್ರವು ಇವಳ ಹೆಸರಿನ ಮುಂದೆ ಬರೆದು ಮುಂದಕ್ಕೆ ಹೋಯಿತು. ಗೈರುಹಾಜರಾಗಿದ್ದ ಇಬ್ಬರಿಗೂ ಇದೇ ಬಗೆಯಿಂದ ಮೇಲಿನವರ ಅಂಕಗಳು ದೊರೆತಿದ್ದುವು. ಆ ಇಬ್ಬರು ದೂರು ಹೇಳಲು ಬಂದಿರಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಅಂಕ ಬೆರಳಚ್ಚು ಮಾಡಿದವರ ಕೈ ಜಾರಿದ್ದು ಮನುಷ್ಯಸಹಜ. ಅದನ್ನು ಯಂತ್ರವು ಮೊದಲನೆಯ ಕ್ಷಣದಲ್ಲಿಯೇ ಗುರುತಿಸಿತ್ತು. ಅದು ಹೇಳಬಯಸಿದುದನ್ನು ಹೇಳಲು ಬಿಡದಿದ್ದುದೇ ಅನ್ಯಾಯಕ್ಕೆ ಕಾರಣವಾಯಿತು. ನಾವು ಆ ಆಜ್ಞೆಯನ್ನು ತೆಗೆದುಹಾಕಿ, ಮನೆಯಲ್ಲಿರುವುದು ಸಂಖ್ಯೆಯೋ ಅಲ್ಲವೋ ಎಂದು ಮೊದಲು ಪರೀಕ್ಷಿಸಿ, ಅಲ್ಲದಿದ್ದರೆ ಆ ಸಾಲಿನ ಸಂಖ್ಯೆಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆಯುವಂತೆ ಮಾಡಿದೆವು. ಪಟ್ಟಿಯನ್ನು ಹೊಸದಾಗಿ ಅಂಟಿಸಿದೆವು. ಮೂರು ಹೆಸರುಗಳ ಮುಂದೆ ಅಂಕಗಳು ಬದಲಾದುವು.

ಪ್ರಯೋಗಶಾಲೆಯಲ್ಲಿ ಅಳತೆಯು ನಿರೀಕ್ಷೆಗೆ ಹೊಂದದಿದ್ದಾಗ ಅದನ್ನು ಅಳಿಸಿ ಹಾಕುವ ವಿದ್ಯಾರ್ಥಿಯನ್ನು ನಾವು ಒಪ್ಪುವುದಿಲ್ಲ. ಹೊಂದದ ಅಳತೆಯೇ ಹಲವು ಬಾರಿ ನಿಜವನ್ನು ಹೇಳುತ್ತದೆ. ಯಂತ್ರದ ದೋಷಸೂಚನೆಯೂ ಅಂತಹ ಒಂದು ಅಳತೆಯೇ. ಮುಂದಿನ ಸಲ ಪರದೆಯ ಮೇಲೆ ಆ ಚಿಕ್ಕ ಚೌಕವು ಮೂಡಿದಾಗ ಅದನ್ನು ಮುಚ್ಚುವ ಮೊದಲು ಅದರ ಸಂಖ್ಯೆಯನ್ನು ಬರೆದುಕೊಳ್ಳಿ. ಡಿಬಗ್ ಗುಂಡಿಯನ್ನು ಒತ್ತಿ. ಹಳದಿಯ ಪಂಕ್ತಿಯನ್ನು ಓದಿ. ಅಲ್ಲಿಂದ ಹಿಂದಕ್ಕೆ ನಡೆಯಿರಿ. ಆ ದಾರಿಯ ಕೊನೆಯಲ್ಲಿ ಒಂದು ಅಕ್ಷರ ಮಾತ್ರ ಇದ್ದೀತು. ಆದರೆ ಆ ಅಕ್ಷರದ ಹಿಂದೆ ಯಾರೋ ಒಬ್ಬರ 11 ಅಂಕಗಳು ಸಿಕ್ಕಿಕೊಂಡಿರಬಹುದು.